ಮೊದಲು ಸಹಿ, ಆಮೇಲೆ ಓದು

ಮಾನ್ಯ ಸಂಪಾದಕರೇ,

ವಿಶ್ವವಿದ್ಯಾಲಯಗಳಿಗೆ ಬಂದ ಸಂಶೋಧನಾ ಅನುದಾನ ಖರ್ಚಾಗದೆ ವಾಪಸ್ ಹೋಗುತ್ತದೆ, ನಮ್ಮ ಅಧ್ಯಾಪಕರಿಗೆ ಉತ್ಸಾಹವೇ ಇಲ್ಲ ಎಂಬ ಮಾತು ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟ್‌ನ ಸಭೆಗಳಲ್ಲೂ ಪತ್ರಿಕೆಗಳಲ್ಲೂ ಆಗಾಗ ಕೇಳಿಬರುತ್ತದೆ. ಹಣ ವಾಪಸ್ ಹೋಗುವುದು ನಿಜ. ಉತ್ಸಾಹದ ಮಾತು ಬೇರೆ. ಖರೀದಿ, ಕಂಪನಿಗಳ ಜೊತೆಗಿನ ಒಪ್ಪಂದ, ಅಧ್ಯಾಪಕರ ಆವಿಷ್ಕಾರ ಈ ಮೂರೂ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಸಾಮಾನ್ಯವಾಗಿ ಮೂರು ಬೇರೆ ಮೇಜುಗಳಲ್ಲಿ ಓಡಾಡುತ್ತವೆ. ಒಂದು ಮೇಜಿನಲ್ಲಿ ಆದದ್ದು ಇನ್ನೊಂದಕ್ಕೆ ತಿಳಿಯುವಷ್ಟರಲ್ಲಿ ಕೆಲಸ ಕೈಮೀರಿರುತ್ತದೆ. ಮೊದಲು ಆಗಬೇಕಾದದ್ದು ಕೊನೆಗೆ ಆಗುತ್ತದೆ. ಈ ಸರದಿ ಎಲ್ಲೆಲ್ಲಿ ತಪ್ಪುತ್ತದೆ ಎಂಬುದನ್ನು ಕಡತದ ಒಳಗಿನಿಂದ ತೋರಿಸಲು ಈ ಪತ್ರ.

ಒಂದು ಎಚ್‌ಪಿಎಲ್‌ಸಿ ಯಂತ್ರದ ಕಡತ ತೆಗೆದುಕೊಳ್ಳಿ. ಔಷಧ, ಆಹಾರ, ನೀರಿನ ಮಾದರಿಯಲ್ಲಿ ಯಾವ ರಾಸಾಯನಿಕ ಎಷ್ಟಿದೆ ಎಂದು ಅಳೆಯುವ ಯಂತ್ರ ಇದು. ಪ್ರಸ್ತಾವನೆ ಬರೆಯುವಾಗ ಅಧ್ಯಾಪಕರು ಡೀಲರ್‌ನಿಂದ 'ಬಜೆಟರಿ ಕೊಟೇಷನ್', ಅಂದರೆ ಅಂದಾಜು ದರಪಟ್ಟಿ ತರಿಸುತ್ತಾರೆ. ಅದರಲ್ಲಿ 40 ಲಕ್ಷ ರೂಪಾಯಿ ಎಂದಿರುತ್ತದೆ; ಕೊನೆಯ ಸಾಲಿನಲ್ಲಿ, ತೆರಿಗೆ ಪ್ರತ್ಯೇಕ ಎಂದೂ ಇರುತ್ತದೆ. ಬಜೆಟ್ ಕಾಲಂಗೆ 40 ಲಕ್ಷ ಮಾತ್ರ ಹೋಗುತ್ತದೆ, ಮಂಜೂರಾಗುವುದೂ ಅಷ್ಟೇ. ಸರ್ಕಾರಿ ಅನುದಾನದ ಸಂಶೋಧನಾ ಸಂಸ್ಥೆಗಳು ಕೊಳ್ಳುವ ವೈಜ್ಞಾನಿಕ ಉಪಕರಣಗಳಿಗೆ ಶೇ 5ರ ರಿಯಾಯಿತಿ ಜಿಎಸ್‌ಟಿ ಇದ್ದ ಕಾಲದಲ್ಲಿ ಈ ತಪ್ಪನ್ನು ಹೇಗೋ ಮುಚ್ಚಿಕೊಳ್ಳಬಹುದಿತ್ತು. 2022ರ ಜುಲೈ 18ರಿಂದ ಆ ರಿಯಾಯಿತಿ ಇಲ್ಲ, ಶೇ 18 ಕಟ್ಟಬೇಕು. 40 ಲಕ್ಷದ ಯಂತ್ರ 47 ಲಕ್ಷದ 20 ಸಾವಿರ ಆಗುತ್ತದೆ. ಕೊರತೆ ಬಿದ್ದ 7.2 ಲಕ್ಷಕ್ಕೆ ಅನುದಾನ ಕೊಟ್ಟ ಸಂಸ್ಥೆಗೆ ಮರುಹೊಂದಾಣಿಕೆ ಪತ್ರ ಬರೆಯಬೇಕು, ಉತ್ತರಕ್ಕೆ ಕಾಯಬೇಕು. ಅಷ್ಟರಲ್ಲಿ ಕೊಟೇಷನ್ನಿನ ಅವಧಿ ಮುಗಿದಿರುತ್ತದೆ, ಡಾಲರ್ ದರ ಬದಲಾಗಿರುತ್ತದೆ. ಪ್ರಸ್ತಾವನೆ ಕಳಿಸುವ ಮೊದಲು ಹಣಕಾಸು ವಿಭಾಗದ ಒಬ್ಬ ಗುಮಾಸ್ತರು ಆ ಒಂದು ಪುಟ ನೋಡಿದ್ದರೆ ಇದು ಹತ್ತು ನಿಮಿಷದ ಕೆಲಸ.

ಮುಂದಿನ ಎಡವಟ್ಟು ತಾಂತ್ರಿಕ ವಿವರಣೆಯಲ್ಲಿ, ಅಂದರೆ ಎಲ್ಲರ ಬಾಯಲ್ಲಿರುವ ಸ್ಪೆಸಿಫಿಕೇಷನ್‌ನಲ್ಲಿ. ಡೀಲರ್ ಕೊಟ್ಟ ಬ್ರೋಷರ್ ಅನ್ನು ಹಾಗೇ ಟೆಂಡರ್ ದಾಖಲೆಗೆ ಅಂಟಿಸುವುದು ರೂಢಿ. ಯಂತ್ರದ ಅಗಲ ಇಷ್ಟು ಮಿಲಿಮೀಟರ್, ತೂಕ ಇಷ್ಟು ಕೆ.ಜಿ., ತಂತ್ರಾಂಶದ ಹೆಸರು ಇಂಥದ್ದು ಎಂದೆಲ್ಲ ಬರೆದಿರುತ್ತಾರೆ. ಪ್ರಯೋಗಕ್ಕೆ ಬೇಕಾದದ್ದು ಪಂಪಿನ ಒತ್ತಡ, ಹರಿವಿನ ನಿಖರತೆ, ಡಿಟೆಕ್ಟರ್‌ನ ತರಂಗಾಂತರ ವ್ಯಾಪ್ತಿ ಮತ್ತು ಯಾವ ಪ್ರಮಾಣದವರೆಗೆ ಗುರುತಿಸಬಲ್ಲದು ಎಂಬುದು. ಅಗಲದಿಂದ ಏನೂ ಆಗಬೇಕಿಲ್ಲ. ಆದರೆ ಆ ಅಗಲದಿಂದಾಗಿಯೇ ಉಳಿದ ಎರಡು ಕಂಪನಿಗಳು ತಾಂತ್ರಿಕ ಬಿಡ್‌ನಲ್ಲಿ ಬಿದ್ದುಹೋಗುತ್ತವೆ. ಬಿದ್ದವರು ಸುಮ್ಮನಿರುವುದಿಲ್ಲ. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ, ಅಂದರೆ 1999ರ ಕೆಟಿಪಿಪಿ ಕಾಯ್ದೆಯ ಸೆಕ್ಷನ್ 16ರಡಿ ಮೇಲ್ಮನವಿ ಹಾಕುತ್ತಾರೆ. ಹಾಕುವುದು ಅವರ ಹಕ್ಕು, ಗೆಲ್ಲುವುದಕ್ಕೂ ಕಾರಣವಿರುತ್ತದೆ. ಮರುಟೆಂಡರ್ ಆಗುತ್ತದೆ, ಮಾರ್ಚ್ ಬಂದುಬಿಡುತ್ತದೆ.

ನಿಜವಾಗಿಯೂ ಒಂದೇ ಕಂಪನಿಯ ಯಂತ್ರ ಬೇಕಾಗುವ ಸಂದರ್ಭ ಇದೆ. ಹಳೆಯ ಯಂತ್ರಕ್ಕೆ ಹೊಂದುವ ಬಿಡಿಭಾಗ, ಪೇಟೆಂಟ್ ಇರುವ ರಾಸಾಯನಿಕ ಇತ್ಯಾದಿ. ಅದಕ್ಕೆ ಕಾಯ್ದೆಯ ಸೆಕ್ಷನ್ 4ರಲ್ಲೇ ದಾರಿ ಇದೆ: ಮೂವರು ತಜ್ಞರ ಸಮಿತಿ ನೋಡಿ ಹೇಳಬೇಕು. ಒಬ್ಬರು ಖರೀದಿಸುವ ಸಂಸ್ಥೆಯವರು, ಒಬ್ಬರು ಅಂಥದೇ ಖರೀದಿ ಮಾಡುವ ಇನ್ನೊಂದು ಸರ್ಕಾರಿ ಸಂಸ್ಥೆಯವರು, ಒಬ್ಬರು ಹೆಸರಾಂತ ಶೈಕ್ಷಣಿಕ ಅಥವಾ ಸಂಶೋಧನಾ ಸಂಸ್ಥೆಯವರು. ನಮ್ಮಲ್ಲಿ ಆಗುವುದೇನೆಂದರೆ, ಕಂಪನಿಯೇ ತನ್ನ ಲೆಟರ್‌ಹೆಡ್‌ನಲ್ಲಿ 'ಇದು ನಾವು ಮಾತ್ರ ತಯಾರಿಸುವ ವಸ್ತು' ಎಂದು ಬರೆದುಕೊಟ್ಟ ಪತ್ರವನ್ನು ಕಡತಕ್ಕೆ ಸೇರಿಸಿ, ಸಮಿತಿ ಎಂಬುದನ್ನೇ ಮರೆಯುವುದು. ಮೂರು ವರ್ಷದ ನಂತರ ರಾಜ್ಯ ಲೆಕ್ಕಪರಿಶೋಧಕರು ಆ ಪತ್ರವನ್ನು ಪುರಾವೆ ಎಂದು ಒಪ್ಪುವುದಿಲ್ಲ. ಅವರನ್ನು ಬಯ್ದು ಪ್ರಯೋಜನವಿಲ್ಲ, ಮಾರುವವನ ಮಾತನ್ನೇ ಸಾಕ್ಷಿ ಮಾಡಿಕೊಂಡರೆ ಯಾರು ಒಪ್ಪುತ್ತಾರೆ?

ಯಂತ್ರ ಬಂದ ಮೇಲಿನ ಪಾಡು ಇನ್ನೊಂದು. ಮೂರು ಫೇಸ್ ವಿದ್ಯುತ್, ಸರಿಯಾದ ಅರ್ಥಿಂಗ್, ಯುಪಿಎಸ್, ಎ.ಸಿ. ಇವು ಎಂಜಿನಿಯರಿಂಗ್ ವಿಭಾಗದ ಕೆಲಸ. ಅದಕ್ಕೆ ಬೇರೆಯೇ ಅಂದಾಜುಪಟ್ಟಿ, ಬೇರೆಯೇ ಟೆಂಡರ್. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ವೋಲ್ಟೇಜ್ ಕಂಪನಿ ಹೇಳಿದ್ದಕ್ಕಿಂತ ಹೆಚ್ಚಿದ್ದರೆ ಸರ್ವಿಸ್ ಎಂಜಿನಿಯರ್ ಯಂತ್ರ ಮುಟ್ಟದೆ ಹಿಂದಿರುಗುತ್ತಾರೆ. ಮರದ ಪೆಟ್ಟಿಗೆ ಪಡಸಾಲೆಯಲ್ಲಿ ಕೂರುತ್ತದೆ. ಖರೀದಿ ಆದೇಶದಲ್ಲಿ 'ವಾರಂಟಿ ಅಳವಡಿಕೆಯಾಗಿ ಒಪ್ಪಿಕೊಂಡ ದಿನದಿಂದ' ಎಂಬ ನಾಲ್ಕು ಪದ ಇಲ್ಲದಿದ್ದರೆ ವಾರಂಟಿ ಪೆಟ್ಟಿಗೆಯೊಳಗೇ ಓಡುತ್ತಿರುತ್ತದೆ.

ಇನ್ನು ಟೆಂಡರ್ ಇಲ್ಲದೆ ಎಷ್ಟರವರೆಗೆ ಕೊಳ್ಳಬಹುದು ಎಂಬ ಮಿತಿಗಳ ವಿಷಯ. 2025ರ ಜೂನ್‌ನಲ್ಲಿ ಕೇಂದ್ರ ಹಣಕಾಸು ಸಚಿವಾಲಯ ವೈಜ್ಞಾನಿಕ ಸಂಸ್ಥೆಗಳಿಗಾಗಿ ಸಾಮಾನ್ಯ ಹಣಕಾಸು ನಿಯಮಗಳನ್ನು (ಜಿಎಫ್‌ಆರ್) ಸಡಿಲಿಸಿತು. ದರಪಟ್ಟಿ ಇಲ್ಲದೆ ನೇರ ಖರೀದಿಯ ಮಿತಿ 1 ಲಕ್ಷದಿಂದ 2 ಲಕ್ಷಕ್ಕೆ ಏರಿತು. ಖರೀದಿ ಸಮಿತಿ ತೀರ್ಮಾನಿಸಬಹುದಾದ ಮೊತ್ತ 10 ಲಕ್ಷದಿಂದ 25 ಲಕ್ಷಕ್ಕೆ ಏರಿತು. 200 ಕೋಟಿವರೆಗಿನ ಜಾಗತಿಕ ಟೆಂಡರ್‌ಗೆ ಒಪ್ಪಿಗೆ ಕೊಡುವ ಅಧಿಕಾರ ಕುಲಪತಿ, ನಿರ್ದೇಶಕರ ಮಟ್ಟಕ್ಕೇ ಬಂತು. ಒಳ್ಳೆಯ ಆದೇಶ. ಆದರೆ ರಾಜ್ಯ ವಿಶ್ವವಿದ್ಯಾಲಯದ ಹಣಕಾಸು ಅಧಿಕಾರಿ ಕೆಟಿಪಿಪಿ ಕಾಯ್ದೆಗೆ ಬದ್ಧರು. ಅನುದಾನ ದೆಹಲಿಯಿಂದ ಬಂದರೂ ಖರೀದಿಗೆ ಬೆಂಗಳೂರಿನ ಕಾಯ್ದೆಯೇ. ಒಂದೇ ಊರಿನಲ್ಲಿ, ಒಂದೇ ಇಲಾಖೆಯ ಅನುದಾನದಲ್ಲಿ, ಕೇಂದ್ರದ ಸಂಸ್ಥೆಯೊಂದು 20 ಲಕ್ಷದ ಉಪಕರಣವನ್ನು ಸಮಿತಿ ಸಭೆಯಲ್ಲಿ ತೀರ್ಮಾನಿಸಿ ತರಿಸಿಕೊಳ್ಳಬಹುದು. ರಾಜ್ಯದ ವಿಶ್ವವಿದ್ಯಾಲಯ ಅದಕ್ಕೇ ರಾಜ್ಯದ ಆನ್‌ಲೈನ್ ಖರೀದಿ ತಾಣವಾದ ಕೆಪಿಪಿಪಿ ಪೋರ್ಟಲ್‌ನಲ್ಲಿ ತಾಂತ್ರಿಕ ವಿವರ ಒಂದರಲ್ಲಿ, ದರ ಇನ್ನೊಂದರಲ್ಲಿ ಇರುವ ಎರಡು ಲಕೋಟೆಯ ಟೆಂಡರ್ ಕರೆಯಬೇಕು. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬಂತಾಯಿತು.

ಕೆಟಿಪಿಪಿ ಕಾಯ್ದೆಯ ಸೆಕ್ಷನ್ 4(ಜಿ) ಅಡಿ ಸರ್ಕಾರ ಅಧಿಸೂಚನೆ ಹೊರಡಿಸಿ ಟೆಂಡರ್‌ನಿಂದ ವಿನಾಯಿತಿ ಕೊಡಬಹುದು. 4(ಜಿ) ಎಂದೊಡನೆ ಮೂಗು ಮುರಿಯುವವರಿದ್ದಾರೆ, ಅದು ಬಳಕೆಯಾದ ರೀತಿ ನೋಡಿದರೆ ತಪ್ಪೇನಿಲ್ಲ. ಹಾಗಾಗಿ ನಾವು ಕೇಳುವುದು ಇಷ್ಟೇ: ಹೊರಗಿನ ಅನುದಾನದ ಸಂಶೋಧನಾ ಯೋಜನೆಗಳಿಗೆ ಮಾತ್ರ, ವೈಜ್ಞಾನಿಕ ಉಪಕರಣ ಮತ್ತು ರಾಸಾಯನಿಕಗಳಿಗೆ ಮಾತ್ರ, ಕೇಂದ್ರದ 25 ಲಕ್ಷದ ಮಿತಿಯವರೆಗೆ ಮಾತ್ರ. ಕಂಪ್ಯೂಟರ್, ಪೀಠೋಪಕರಣ, ಕಟ್ಟಡ ಕಾಮಗಾರಿ ಇದರೊಳಗೆ ನುಸುಳಬಾರದು. ಪ್ರತಿ ಖರೀದಿಯ ವಿವರ, ದರ, ಸಮಿತಿಯಲ್ಲಿದ್ದವರ ಹೆಸರು ತಿಂಗಳೊಳಗೆ ವಿಶ್ವವಿದ್ಯಾಲಯದ ವೆಬ್‌ಸೈಟ್‌ಗೆ ಬರಬೇಕು.

ರಾಸಾಯನಿಕಗಳ ಕಥೆಯನ್ನೂ ಹೇಳಿಬಿಡಬೇಕು. ಡ್ರೈ ಐಸ್‌ನಲ್ಲಿ ಬರುವ ಕಿಣ್ವವನ್ನು ವರ್ಷಕ್ಕೆ ಬೇಕಾದಷ್ಟೂ ಒಮ್ಮೆಲೇ ತರಿಸಿ ಇಡಲಾಗುವುದಿಲ್ಲ, ಕೆಡುತ್ತದೆ. ಬೇಕಾದಾಗ ಬೇಕಾದಷ್ಟು ಕೊಂಡರೆ 'ಮಿತಿ ತಪ್ಪಿಸಲು ತುಂಡು ಮಾಡಿ ಖರೀದಿಸಿದ್ದಾರೆ' ಎಂಬ ಆಕ್ಷೇಪಣೆ ಬರುತ್ತದೆ. ಪರಿಹಾರ ಹೊಸದಲ್ಲ: ಎಲ್ಲ ವಿಭಾಗಗಳ ವರ್ಷದ ಬೇಡಿಕೆ ಒಟ್ಟುಗೂಡಿಸಿ ಒಂದೇ ಟೆಂಡರ್‌ನಲ್ಲಿ ದರ ಒಪ್ಪಂದ ಮಾಡಿಕೊಂಡು, ಆ ದರದಲ್ಲಿ ಬೇಕಾದಾಗ ತರಿಸುವುದು. ಇದಕ್ಕೆ ಏಪ್ರಿಲ್‌ನಲ್ಲಿ ಯಾರಾದರೂ ಪಟ್ಟಿ ಮಾಡಬೇಕು. ಆ ಯಾರಾದರೂ ಎಂಬವರೇ ಇಲ್ಲ.

ಹಲವು ಕೇಂದ್ರ ಯೋಜನೆಗಳ ಹಣ ಈಗ ಶೂನ್ಯ ಶಿಲ್ಕಿನ ಖಾತೆಯ ಮೂಲಕ ಬರುತ್ತದೆ, ಖಾತೆಯಲ್ಲಿ ಕಾಣುವುದು ಹಣವಲ್ಲ, ಖರ್ಚಿನ ಮಿತಿ. ಬಳಸದ ಮಿತಿ ಮಾರ್ಚ್ 31ಕ್ಕೆ ಹೋಯಿತು. ಹೊಸ ಮಿತಿ ಬರುವವರೆಗೆ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್‌ನ ಕಿರಿಯ ಸಂಶೋಧಕರು ಸಾಲ ಮಾಡಿ ಬಾಡಿಗೆ ಕಟ್ಟುತ್ತಾರೆ. ಹಿಂದಿನ ಕಂತಿನ ಬಳಕೆ ಪ್ರಮಾಣಪತ್ರ, ಅಂದರೆ ಜಿಎಫ್‌ಆರ್ 12-ಎ ನಮೂನೆಯ ಯುಸಿ, ಹೋಗದೆ ಮುಂದಿನ ಕಂತು ಬಾರದು. ಬಡ್ಡಿ ಬಂದಿದ್ದರೆ ಅದನ್ನು ಕೇಂದ್ರದ ಸಂಚಿತ ನಿಧಿಗೆ ಕಟ್ಟಿದ ರಸೀದಿಯೂ ಬೇಕು. ಬಡ್ಡಿಯ ಕೆಲವು ನೂರು ರೂಪಾಯಿ ಕಟ್ಟುವುದು ಮರೆತದ್ದಕ್ಕೆ ಲಕ್ಷಾಂತರದ ಕಂತು ನಿಲ್ಲುವುದು ಕಡತ ಬಲ್ಲವರಿಗೆ ಹೊಸತೇನಲ್ಲ.

ಈಗ ಕಂಪನಿಗಳ ಒಪ್ಪಂದಕ್ಕೆ ಬರೋಣ. ಇಲ್ಲಿ ಮೊದಲ ತಪ್ಪು ಸಹಿಯದು. ವಿಶ್ವವಿದ್ಯಾಲಯದ ಪರವಾಗಿ ಸಹಿ ಹಾಕಬೇಕಾದವರು ಕುಲಸಚಿವರು. ಆದರೆ ಕಂಪನಿಯವರು ಮೊದಲು ಗೋಪ್ಯತಾ ಪತ್ರವೊಂದನ್ನು ಇಮೇಲ್‌ನಲ್ಲಿ ಕಳಿಸುತ್ತಾರೆ, ಅಧ್ಯಾಪಕರು ವಿಭಾಗದ ಮುದ್ರೆ ಒತ್ತಿ ತಾವೇ ಸಹಿ ಹಾಕಿ ಹಿಂದಿರುಗಿಸುತ್ತಾರೆ. ನಾಳೆ ವ್ಯಾಜ್ಯವಾದರೆ ವಿಶ್ವವಿದ್ಯಾಲಯ 'ನಮಗೆ ಗೊತ್ತಿಲ್ಲ' ಎನ್ನುತ್ತದೆ, ಹೊಣೆ ಅಧ್ಯಾಪಕರ ತಲೆಗೆ ಬರುತ್ತದೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ, ಆಗ ಕಾನೂನು ಸಲಹೆಗಾರರಿಗೆ ಕಡತ ಹೋಗುತ್ತದೆ.

ಎರಡನೆಯದು 'ಜಂಟಿ ಒಡೆತನ' ಎಂಬ ಸಿಹಿ ಮಾತು. ಕೇಳಲು ನ್ಯಾಯವಾಗಿದೆ: ನಾವೂ ನೀವೂ ಸೇರಿ ಕಂಡುಹಿಡಿದದ್ದು, ಇಬ್ಬರಿಗೂ ಸೇರಲಿ. 1970ರ ಪೇಟೆಂಟ್ ಕಾಯ್ದೆಯ ಸೆಕ್ಷನ್ 50 ಓದಿದರೆ ಸಿಹಿ ಇಳಿಯುತ್ತದೆ. ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಜಂಟಿ ಒಡೆಯರಲ್ಲಿ ಪ್ರತಿಯೊಬ್ಬರೂ ಆ ಆವಿಷ್ಕಾರವನ್ನು ತಮ್ಮ ಲಾಭಕ್ಕೆ ಬಳಸಬಹುದು, ಇನ್ನೊಬ್ಬರಿಗೆ ಲೆಕ್ಕ ಕೊಡಬೇಕಾಗಿಲ್ಲ. ಆದರೆ ಮೂರನೆಯವರಿಗೆ ಪರವಾನಗಿ ಕೊಡಬೇಕಾದರೆ ಮತ್ತೊಬ್ಬ ಒಡೆಯರ ಒಪ್ಪಿಗೆ ಬೇಕು. ಕಂಪನಿಗೆ ಕಾರ್ಖಾನೆ ಇದೆ, ತಯಾರಿಸಿ ಮಾರುತ್ತದೆ. ವಿಶ್ವವಿದ್ಯಾಲಯಕ್ಕೆ ಕಾರ್ಖಾನೆ ಇಲ್ಲ. ಪರವಾನಗಿ ಕೊಟ್ಟೇ ಸಂಪಾದಿಸಬೇಕು, ಅದಕ್ಕೆ ಕಂಪನಿಯ ಒಪ್ಪಿಗೆ ಬೇಕು. ಅರ್ಧ ಒಡೆತನದ ಬೆಲೆ ಸೊನ್ನೆ. ಒಪ್ಪಂದದಲ್ಲಿ 'ತಯಾರಿಸುವ ಪಕ್ಷ ನಿವ್ವಳ ಮಾರಾಟದ ಇಷ್ಟು ಪಾಲನ್ನು ರಾಯಧನವಾಗಿ ಕೊಡಬೇಕು. ಇಷ್ಟು ವರ್ಷದೊಳಗೆ ತಯಾರಿಸದಿದ್ದರೆ ವಿಶ್ವವಿದ್ಯಾಲಯ ಬೇರೆಯವರಿಗೆ ಪರವಾನಗಿ ಕೊಡಬಹುದು' ಎಂಬ ಎರಡು ವಾಕ್ಯ ಮೊದಲೇ ಇದ್ದರೆ ಚಿತ್ರವೇ ಬೇರೆ.

ಉಳಿದವನ್ನು ಬೇಗ ಹೇಳುತ್ತೇವೆ. ಒಪ್ಪಂದಕ್ಕೆ ಮುಂಚೆಯೇ ಪ್ರಯೋಗಾಲಯದಲ್ಲಿದ್ದ ಜ್ಞಾನ, ತಳಿ, ತಂತ್ರಾಂಶ ಯಾವುದೆಂದು ಅನುಬಂಧದಲ್ಲಿ ಪಟ್ಟಿ ಮಾಡದಿದ್ದರೆ ಎಲ್ಲವೂ ಈ ಹಣದಿಂದಲೇ ಹುಟ್ಟಿತು ಎಂಬ ವಾದ ಬರುತ್ತದೆ. ಪ್ರಬಂಧ ಪ್ರಕಟಿಸುವ ಮೊದಲು ಕಂಪನಿಗೆ ತೋರಿಸುವುದು ಸರಿ, ಆದರೆ ಅದಕ್ಕೆ 60 ಅಥವಾ 90 ದಿನ ಎಂಬ ಗಡುವು ಬೇಕು. ಗಡುವಿಲ್ಲದ ಒಪ್ಪಿಗೆ ಎಂದರೆ ಪಿಎಚ್‌.ಡಿ. ವಿದ್ಯಾರ್ಥಿಯ ಪ್ರಬಂಧ ಕಂಪನಿಯ ಕಪಾಟಿನಲ್ಲಿ. 'ಫಲಿತಾಂಶದ ಖಾತರಿ' ಎಂಬ ಷರತ್ತಿಗೆ ಯಾವ ಸಂಶೋಧಕರೂ ಒಪ್ಪಬಾರದು. ನಷ್ಟ ತುಂಬಿಕೊಡುವ ಹೊಣೆಗೆ ಒಪ್ಪಂದದ ಮೊತ್ತವೇ ಮೇಲ್ಮಿತಿಯಾಗಿರಲಿ.

ತೆರಿಗೆಯ ಒಂದು ಎಚ್ಚರಿಕೆ ಮಾತ್ರ ತುಸು ಬಿಡಿಸಿ ಹೇಳಬೇಕು. ಸಂಶೋಧನಾ ಅನುದಾನಕ್ಕೂ ಜಿಎಸ್‌ಟಿ ಕಟ್ಟಿ ಎಂದು 2024ರಲ್ಲಿ ಹಲವು ಸಂಸ್ಥೆಗಳಿಗೆ ನೋಟಿಸ್ ಹೋಗಿ ಗದ್ದಲವಾದ ಮೇಲೆ, ಅದೇ ವರ್ಷದ ಅಕ್ಟೋಬರ್ 10ರಿಂದ ವಿನಾಯಿತಿ ಜಾರಿಗೆ ಬಂತು. ಸರ್ಕಾರಿ ಸಂಸ್ಥೆಗಳಿಗೂ, 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 35ರಡಿ ಅಧಿಸೂಚಿತವಾದ ವಿಶ್ವವಿದ್ಯಾಲಯ, ಕಾಲೇಜುಗಳಿಗೂ ಅದು ಅನ್ವಯ. ಆದರೆ ವಿನಾಯಿತಿ ಇರುವುದು ಅನುದಾನದ ರೂಪದಲ್ಲಿ ಬಂದ ಹಣಕ್ಕೆ ಮಾಡಿದ ಸಂಶೋಧನೆಗೆ. ಮಾದರಿ ಪರೀಕ್ಷೆ ಮಾಡಿಕೊಟ್ಟು ಶುಲ್ಕ ಪಡೆದರೆ, ಸಲಹೆ ಕೊಟ್ಟು ಬಿಲ್ ಮಾಡಿದರೆ ಶೇ 18 ಕಟ್ಟಲೇಬೇಕು. ಒಪ್ಪಂದದಲ್ಲಿ ಒಂದು ಕಡೆ 'ಅನುದಾನ', ಇನ್ನೊಂದು ಕಡೆ 'ಸೇವಾ ಶುಲ್ಕ' ಎಂದು ಬರೆದು ಕಂಪನಿಯಿಂದ ತೆರಿಗೆ ಸೇರಿಸಿ ಪಡೆಯದಿದ್ದರೆ, ನಾಳೆ ನೋಟಿಸ್ ಬಂದಾಗ ಆ ಹಣ ವಿಶ್ವವಿದ್ಯಾಲಯದ ಸ್ವಂತ ನಿಧಿಯಿಂದ ಹೋಗುತ್ತದೆ.

ಆವಿಷ್ಕಾರದ ಮೇಜಿನಲ್ಲಂತೂ ಸರದಿ ಪೂರ್ತಿ ತಲೆಕೆಳಗು. ಪೇಟೆಂಟ್ ಸಿಗಬೇಕಾದರೆ ಅರ್ಜಿ ಹಾಕುವ ದಿನದವರೆಗೆ ವಿಷಯ ಹೊರಗೆ ಬಂದಿರಬಾರದು. ನಮ್ಮಲ್ಲಿ ಮೊದಲು ಸಮ್ಮೇಳನದಲ್ಲಿ ಪೋಸ್ಟರ್, ಆಮೇಲೆ ಜರ್ನಲ್, ಆಮೇಲೆ ಪಿಎಚ್‌.ಡಿ. ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾಕ್ಕೆ ಮಹಾಪ್ರಬಂಧ, ಎಲ್ಲ ಮುಗಿದ ಮೇಲೆ ಪೇಟೆಂಟ್ ನೆನಪು. ಪೇಟೆಂಟ್ ಕಾಯ್ದೆಯ ಸೆಕ್ಷನ್ 31ರಲ್ಲಿ 12 ತಿಂಗಳ ರಿಯಾಯಿತಿ ಇದೆಯಲ್ಲ ಎನ್ನುವವರಿಗೆ: ಅದು ವಿದ್ವತ್ ಸಭೆಯಲ್ಲಿ ಓದಿದ ಪ್ರಬಂಧ, ಅಂಥ ಸಭೆಯ ನಡಾವಳಿ, ಸರ್ಕಾರ ಅಧಿಸೂಚಿಸಿದ ಪ್ರದರ್ಶನ ಇಂಥ ಕೆಲವಕ್ಕೆ ಮಾತ್ರ. ಯಾವುದೋ ಜರ್ನಲ್‌ನಲ್ಲಿ ಬಂದದ್ದಕ್ಕೆ ಅದನ್ನು ನಂಬಿ ಕೂರುವಂತಿಲ್ಲ. ಯುರೋಪಿನಲ್ಲಂತೂ ಇಷ್ಟೂ ಸಿಗದು.

ಮಾಡಬೇಕಾದದ್ದು ಕಷ್ಟದ್ದೇನಲ್ಲ. ಪೋಸ್ಟರ್ ಕಳಿಸುವ ಮೊದಲು ಎರಡು ಪುಟದ ಆವಿಷ್ಕಾರ ವರದಿ: ಏನು ಹೊಸತು, ಯಾರು ಯಾರು ಏನೇನು ಮಾಡಿದರು, ಯಾರ ಹಣ, ಯಾವ ಒಪ್ಪಂದ, ಎಲ್ಲಿ, ಯಾವಾಗ ಪ್ರಕಟವಾಗಲಿದೆ. ಅದನ್ನು ನೋಡಿ ತಾತ್ಕಾಲಿಕ ಅರ್ಜಿ ಹಾಕಿದರೆ ಪೂರ್ಣ ವಿವರಣೆ ಕೊಡಲು 12 ತಿಂಗಳು ಸಿಗುತ್ತದೆ. 2021ರಿಂದ ಶಿಕ್ಷಣ ಸಂಸ್ಥೆಗಳಿಗೆ ಸರ್ಕಾರಿ ಶುಲ್ಕದಲ್ಲಿ ಶೇ 80 ರಿಯಾಯಿತಿ ಇದೆ: ಆನ್‌ಲೈನ್ ಅರ್ಜಿಗೆ 8,000ದ ಬದಲು 1,600 ರೂಪಾಯಿ, ಪರಿಶೀಲನೆಯ ಕೋರಿಕೆಗೆ 20,000ದ ಬದಲು 4,000. ಆ ಕೋರಿಕೆ ಸಲ್ಲಿಸುವ ಗಡುವನ್ನು ಪೇಟೆಂಟ್ ನಿಯಮಗಳ 2024ರ ತಿದ್ದುಪಡಿ 48ರಿಂದ 31 ತಿಂಗಳಿಗೆ ಇಳಿಸಿದೆ, ಹಳೆಯ ಲೆಕ್ಕದಲ್ಲಿ ಕೂತವರ ಅರ್ಜಿ ತಾನಾಗಿ ಬಿದ್ದುಹೋಗುತ್ತದೆ. ವಿದೇಶದಲ್ಲಿ ಮೊದಲು ಅರ್ಜಿ ಹಾಕಬೇಕೆಂದಿದ್ದರೆ ಸೆಕ್ಷನ್ 39ರ ಅನುಮತಿ ಬೇಕು. ಇಲ್ಲವೇ ಇಲ್ಲಿ ಅರ್ಜಿ ಹಾಕಿ ಆರು ವಾರ ಕಾಯಬೇಕು. ಪಶ್ಚಿಮ ಘಟ್ಟದ ಗಿಡವನ್ನೋ ಸೂಕ್ಷ್ಮಾಣುವನ್ನೋ ಬಳಸಿದ್ದರೆ, 2024ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಜೀವವೈವಿಧ್ಯ ಕಾಯ್ದೆಯ ತಿದ್ದುಪಡಿಯಂತೆ ಪೇಟೆಂಟ್ ಮಂಜೂರಾಗುವ ಮೊದಲು ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದಲ್ಲಿ ನೋಂದಣಿ ಆಗಿರಬೇಕು.

ಪೇಟೆಂಟ್ ಸಿಕ್ಕ ಮೇಲೆ ಹಾರ ಹಾಕಿ ಫೋಟೊ ತೆಗೆಯುತ್ತಾರೆ. ನವೀಕರಣ ಶುಲ್ಕ ಕಟ್ಟುವವರಿಲ್ಲ. ರಿಯಾಯಿತಿ ದರದಲ್ಲಿ 3ರಿಂದ 6ನೇ ವರ್ಷದವರೆಗೆ ವರ್ಷಕ್ಕೆ 800, 10ರವರೆಗೆ 2,400, 15ರವರೆಗೆ 4,800, 20ರವರೆಗೆ 8,000. ಪೂರ್ತಿ ಇಪ್ಪತ್ತು ವರ್ಷಕ್ಕೆ ಕೂಡಿದರೆ 76,800 ರೂಪಾಯಿ. ಇದು ದೊಡ್ಡ ಹಣವಲ್ಲ, ಆದರೆ ಯಾವ ಲೆಕ್ಕಶೀರ್ಷಿಕೆಯಲ್ಲೂ ಇಲ್ಲದ ಹಣ. ಇನ್ನೊಂದು ಕಡೆ, ಮೌಲ್ಯಾಂಕನದ ಅಂಕಕ್ಕಾಗಿ ಏಜೆಂಟರಿಂದ ರಾಶಿಗಟ್ಟಲೆ ಅರ್ಜಿ ಹಾಕಿಸುವ ಚಾಳಿ ಬೆಳೆದಿದೆ. 'ಪ್ರಕಟವಾಯಿತು' ಎಂದರೆ ಪೇಟೆಂಟ್ ಕಚೇರಿ ಅರ್ಜಿಯನ್ನು ಬಹಿರಂಗಪಡಿಸಿತು ಎಂದಷ್ಟೇ. ಯಾರೂ ಅದನ್ನು ಇನ್ನೂ ಪರಿಶೀಲಿಸಿರುವುದಿಲ್ಲ.

ಒಡೆತನ ಯಾರದು? ಸರ್ಕಾರದ ಹಣದಲ್ಲಿ ಆದ ಆವಿಷ್ಕಾರದ ಒಡೆತನವನ್ನು ಸಂಶೋಧನಾ ಸಂಸ್ಥೆಗೇ ಬಿಡುವ ಅಮೆರಿಕದ 1980ರ ಬೇ-ಡೋಲ್ ಕಾಯ್ದೆಯಂಥದ್ದನ್ನು ತರಲು 2008ರಲ್ಲಿ ರಾಜ್ಯಸಭೆಯಲ್ಲಿ ಮಂಡಿಸಿದ ಮಸೂದೆ 2014ರಲ್ಲಿ ವಾಪಸಾಯಿತು. ಪೇಟೆಂಟ್ ಕಾಯ್ದೆಯಲ್ಲಿ ನೌಕರರ ಆವಿಷ್ಕಾರದ ಬಗ್ಗೆ ಪ್ರತ್ಯೇಕ ನಿಯಮ ಇಲ್ಲ. ಆದ್ದರಿಂದ ನೇಮಕಾತಿ ಷರತ್ತು, ವಿಶ್ವವಿದ್ಯಾಲಯದ ನೀತಿ, ಹಕ್ಕನ್ನು ಬಿಟ್ಟುಕೊಡುವ ಲಿಖಿತ ಹಸ್ತಾಂತರ ಪತ್ರ ಇವೇ ಆಧಾರ. ಅಧ್ಯಾಪಕರು ನೌಕರರು, ಫೆಲೋಶಿಪ್ ಪಡೆಯುವ ವಿದ್ಯಾರ್ಥಿ ನೌಕರರಲ್ಲ. ವಿದ್ಯಾರ್ಥಿ ಹಸ್ತಾಂತರ ಪತ್ರ ಕೊಡದೆ ಪದವಿ ಮುಗಿಸಿ ಹೊರದೇಶಕ್ಕೆ ಹೋದರೆ ವಿಶ್ವವಿದ್ಯಾಲಯದ ಹಕ್ಕಿನಲ್ಲಿ ತೂತು ಉಳಿಯುತ್ತದೆ. ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಸಚಿವಾಲಯದ 2000ದ ಸೂಚನೆಗಳು ಅದರ ಅನುದಾನದ ಯೋಜನೆಗಳಲ್ಲಿ ಹಕ್ಕನ್ನು ಸಂಸ್ಥೆಗೇ ಬಿಟ್ಟವು. ಆವಿಷ್ಕಾರಕರ ಪಾಲು ಗಳಿಕೆಯ ಮೂರನೇ ಒಂದಕ್ಕೆ ಸೀಮಿತ, ಕನಿಷ್ಠ ಶೇ 25 ಪೇಟೆಂಟ್ ನಿಧಿಗೆ ಎಂದೂ ಹೇಳಿದವು. ಆ ನಿಧಿ ತೆರೆದಿದ್ದರೆ ಮೇಲೆ ಹೇಳಿದ 76,800ಕ್ಕೆ ಪರದಾಡಬೇಕಿರಲಿಲ್ಲ.

ಮೂರು ಮೇಜುಗಳು ಒಂದಾಗಲೇಬೇಕಾದ ಜಾಗ ಅಧ್ಯಾಪಕರ ಸ್ಟಾರ್ಟಪ್. 2019ರ ರಾಷ್ಟ್ರೀಯ ನಾವೀನ್ಯ ಮತ್ತು ಸ್ಟಾರ್ಟಪ್ ನೀತಿ ಇದಕ್ಕೆ ಪ್ರೋತ್ಸಾಹ ಕೊಟ್ಟಿದೆ, ಸಂಸ್ಥೆಗೆ ಶೇ 2ರಿಂದ 9.5ರವರೆಗೆ ಪಾಲನ್ನೂ ಸೂಚಿಸಿದೆ. ಪ್ರೋತ್ಸಾಹ ಬೇಕು. ಆದರೆ ಅದೇ ಅಧ್ಯಾಪಕರು ತಮ್ಮ ಆವಿಷ್ಕಾರದ ಪರವಾನಗಿಯನ್ನು ತಮ್ಮ ಕಂಪನಿಗೆ ಕೊಡಿಸಿ, ಕಂಪನಿಯ ಪರವಾಗಿ ತಮ್ಮ ಪ್ರಯೋಗಾಲಯಕ್ಕೇ ಕೆಲಸ ಒಪ್ಪಿಸಿ, ವಿಭಾಗದ ಖರೀದಿ ಸಮಿತಿಯಲ್ಲೂ ಕೂತರೆ? ಮೂರು ಕಡತಗಳನ್ನೂ ಒಟ್ಟಿಗೆ ನೋಡುವವರಿಲ್ಲದ ಕಡೆ ಇದು ಗೊತ್ತಾಗುವುದೇ ಇಲ್ಲ, ಕಡತದ ಮಟ್ಟಿಗೆ ಪ್ರತಿಯೊಂದೂ ಸರಿಯಾಗಿಯೇ ಇರುತ್ತದೆ. ವರ್ಷಕ್ಕೊಮ್ಮೆ ಹಿತಾಸಕ್ತಿ ಘೋಷಣೆ, ಅಂಥ ಖರೀದಿಯಲ್ಲಿ ಸಮಿತಿಯಿಂದ ಹೊರಗಿರುವುದು, ವಿದ್ಯಾರ್ಥಿಯ ಮಾರ್ಗದರ್ಶನಕ್ಕೆ ಇನ್ನೊಬ್ಬ ಅಧ್ಯಾಪಕರನ್ನು ಜೊತೆಗೂಡಿಸುವುದು, ಇಷ್ಟನ್ನು ಲಿಖಿತ ನಿಯಮವಾಗಿ ಮಾಡಿದರೆ ಪ್ರಾಮಾಣಿಕರಿಗೂ ರಕ್ಷಣೆ.

ನಮ್ಮ ಕೋರಿಕೆ ಉನ್ನತ ಶಿಕ್ಷಣ ಇಲಾಖೆಗೆ ಮತ್ತು ಸಿಂಡಿಕೇಟ್ ಸದಸ್ಯರಿಗೆ. ಪ್ರತಿ ವಿಶ್ವವಿದ್ಯಾಲಯದಲ್ಲಿ ಒಂದು ಸಂಶೋಧನಾ ಆಡಳಿತ ಕೊಠಡಿ ಇರಲಿ: ಕೆಟಿಪಿಪಿ ಬಲ್ಲ ಒಬ್ಬ ಸೂಪರಿಂಟೆಂಡೆಂಟ್, ಒಬ್ಬ ಲೆಕ್ಕಿಗರು, ವಾರಕ್ಕೆ ಎರಡು ದಿನ ಬರುವ ಪೇಟೆಂಟ್ ಏಜೆಂಟ್, ಕರೆದಾಗ ಸಿಗುವ ವಕೀಲರು. ಇವರ ಸಂಬಳಕ್ಕೆ ಯೋಜನೆಗಳಲ್ಲಿ ಆಡಳಿತ ವೆಚ್ಚಕ್ಕೆಂದು ಬರುವ ಓವರ್‌ಹೆಡ್ ಹಣ ಇದೆ. ಅದು ಈಗ ಸಾಮಾನ್ಯ ಖಾತೆಗೆ ಸೇರಿ ವಿದ್ಯುತ್ ಬಿಲ್ಲಿಗೆ ಹೋಗುತ್ತಿದೆ. ಒಪ್ಪಂದದ ಕರಡಿಗೆ 15 ದಿನ, ಆವಿಷ್ಕಾರ ವರದಿಗೆ 30 ದಿನದ ಗಡುವು ಇರಲಿ. ಅಷ್ಟರಲ್ಲಿ ವಿಶ್ವವಿದ್ಯಾಲಯ ಬೇಕೋ ಬೇಡವೋ ಹೇಳದಿದ್ದರೆ, ಅನುದಾನದ ಷರತ್ತು ಅಡ್ಡಿಯಾಗದ ಕಡೆ ಆವಿಷ್ಕಾರಕರೇ ಸ್ವಂತ ಖರ್ಚಿನಲ್ಲಿ ಅರ್ಜಿ ಹಾಕಿಕೊಳ್ಳಲು ಬಿಡಲಿ. ಏಪ್ರಿಲ್ ತಿಂಗಳ ಹಣಕಾಸು ಸಮಿತಿ ಸಭೆಗೆ ಈ ವಿಷಯ ಬಂದು ತೀರ್ಮಾನವಾದರೆ, ಫೆಬ್ರವರಿಯಲ್ಲಿ ಕಂತು ಬರುವ ಹೊತ್ತಿಗೆ ಟೆಂಡರ್ ದಾಖಲೆ ತೆರಿಗೆ ಸಮೇತ ಸಿದ್ಧವಿರುತ್ತದೆ, ಪ್ರಯೋಗಾಲಯದ ಅರ್ಥಿಂಗ್ ಕೂಡ.

ಇತಿ,
ವಿಶ್ವವಿದ್ಯಾಲಯ ಸಂಶೋಧನಾ ಯೋಜನೆಗಳ ಆಡಳಿತ ಮತ್ತು ಲೆಕ್ಕಪತ್ರ ನೋಡಿಕೊಳ್ಳುವವರು
ಬೆಂಗಳೂರು